ಅಣಬೆ ಕೋಣೆಗೆ ಸರಿಯಾದ ಫ್ಯಾನ್ ಹುಡುಕಿದ ಎಂಟು ತಿಂಗಳು

ಜನವರಿಯಲ್ಲಿ ಅಡಿಕೆ ಕೆಲಸ ಮುಗಿದು ಮೂಟೆಗಳು ಮಂಡಿಗೆ ಹೋದ ಮೇಲೆ ನಮ್ಮ ಹಿತ್ತಿಲ ಕೋಣೆ ಖಾಲಿಯಾಯಿತು. 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರ. ಒಂದು ಬಾಗಿಲು, ಒಂದು ಪುಟ್ಟ ಕಿಟಕಿ. ನಮ್ಮ ಮನೆ ಗಾಜನೂರಿನ ಹತ್ತಿರ, ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ. ಆ ಕೋಣೆಯಲ್ಲಿ ಚಿಪ್ಪಣಬೆ ಬೆಳೆಯಬೇಕು ಅನ್ನೋದು ನನ್ನ ಎರಡು ವರ್ಷದ ಆಸೆ. ಅಂಗಡಿಯವರು ಆಯ್ಸ್ಟರ್ ಅನ್ನುತ್ತಾರಲ್ಲ, ಅದೇ.

ಈಗ ಸೆಪ್ಟೆಂಬರ್. ಕೋಣೆ ಒಂದು ಹದಕ್ಕೆ ಬಂದಿದೆ. ಆದರೆ ಈ ಹದಕ್ಕೆ ಬರುವಷ್ಟರಲ್ಲಿ ಎರಡು ಸಲ ಪೂರ್ತಿ ಬೆಳೆ ಕಳೆದುಕೊಂಡೆ, ಬೇಡದ ಸಾಮಾನು ತಂದೆ, ಒಂದು ಸಲ ಕರೆಂಟ್ ಕೂಡ ಹೊಡೆಸಿಕೊಂಡೆ. ಹುಲ್ಲು ಬೇಯಿಸುವುದು, ಬೀಜ ಹಾಕುವುದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಗಾಳಿ ಮತ್ತು ತೇವದ ಬಗ್ಗೆ ಮಾತ್ರ "ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ, ಆಗಾಗ ನೀರು ಹೊಡೀರಿ" ಅಂದು ಮುಂದೆ ಹೋಗುತ್ತಾರೆ. ನಾನು ಎಡವಿದ್ದೆಲ್ಲ ಅಲ್ಲೇ. ಹಾಗಾಗಿ ಅದನ್ನೇ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲಿಗೆ ತರಬೇತಿ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಅಣಬೆ ಬಗ್ಗೆ ಕಲಿಸುತ್ತಾರೆ ಅಂತ ಗೊತ್ತಿತ್ತು, ಅಲ್ಲಿಗೆ ಹೋಗಿ ಬಂದೆ. ಬೀಜಕ್ಕೆ ಮೂರು ವಾರ ಕಾದೆ. ಈ ಕಾಯುವಿಕೆ ಎಲ್ಲ ಕಡೆ ಇರುತ್ತದೆ. ಅಣಬೆ ಬೀಜ ಅಂದರೆ ಜೋಳದ ಕಾಳಿನ ಮೇಲೆ ಬೆಳೆಸಿದ ಬಿಳಿ ಬೂಷ್ಟು. ಅದನ್ನು ತಿಂಗಳುಗಟ್ಟಲೆ ಇಟ್ಟು ಮಾರಲು ಬರುವುದಿಲ್ಲ. ಕೋಣೆ ಸಿದ್ಧವಾಗುವ ಮೊದಲೇ ಬೀಜಕ್ಕೆ ಹೆಸರು ಬರೆಸಿ. ಆದರೆ ಕೋಣೆ ಪೂರ್ತಿ ಸಿದ್ಧವಾಗದೆ ಬೀಜ ಮನೆಗೆ ತರಬೇಡಿ. ನಾನು ಎರಡನೆಯದನ್ನು ಪಾಲಿಸಲಿಲ್ಲ.

ಜನವರಿ ಕೊನೆಗೆ 60 ಚೀಲ ಕಟ್ಟಿದೆವು. ಒಂದೊಂದಕ್ಕೂ ಒಂದು ಕಿಲೋ ಒಣ ಭತ್ತದ ಹುಲ್ಲು. ರಾತ್ರಿಯಿಡೀ ನೆನೆಸಿ, 80 ಡಿಗ್ರಿ ಬಿಸಿನೀರಲ್ಲಿ ಒಂದು ಗಂಟೆ ಇಟ್ಟು, ಬಸಿದು, ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ಆರಿಸಿ ತುಂಬಿದೆವು. ಕೋಣೆ ಕತ್ತಲು ಮಾಡಿ ಬಾಗಿಲು ಹಾಕಿದೆ. 18 ದಿನಕ್ಕೆ ಚೀಲಗಳೆಲ್ಲ ಹತ್ತಿಯ ಹಾಗೆ ಬೆಳ್ಳಗಾದವು. ಅತ್ತೆ ದಿನಾ ಬಂದು ಇಣುಕಿ ನೋಡಿ, "ಗುಡುಗಿಲ್ಲದೆ ಅಣಬೆ ಏಳುತ್ತಾ ಅಂತ ನೋಡ್ತೀನಿ" ಅನ್ನುತ್ತಿದ್ದರು. ಈ ಹಂತದಲ್ಲಿ ಫ್ಯಾನ್ ಬೇಡವೇ ಬೇಡ. ಬೂಷ್ಟು ಹುಲ್ಲಿನೊಳಗೆ ಹರಡುವಾಗ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇದ್ದರೂ ಅದಕ್ಕೆ ತೊಂದರೆಯಿಲ್ಲ.

ತೊಂದರೆ ಶುರುವಾಗುವುದು ಚೀಲಕ್ಕೆ ಸೀಳು ಹಾಕಿದ ಮೇಲೆ. ನಾಲ್ಕನೇ ದಿನ ಗುಂಡುಸೂಜಿ ತಲೆಯಷ್ಟು ಮೊಳಕೆ ಕಂಡವು. ನನ್ನ ಖುಷಿ ಹೇಳತೀರದು. ಆದರೆ ಅವು ಚಿಪ್ಪಾಗಲಿಲ್ಲ. ದಂಟು ಮಾತ್ರ ಉದ್ದುದ್ದ ಬೆಳೆಯಿತು, ತುದಿಯಲ್ಲಿ ಅಂಗಿ ಗುಂಡಿಯಷ್ಟು ಟೋಪಿ. 60 ಚೀಲದಲ್ಲೂ ಅದೇ ಕಥೆ. ತರಬೇತಿಯಲ್ಲಿ ಪರಿಚಯವಾದ ಬೆಳೆಗಾರರೊಬ್ಬರಿಗೆ ಫೋಟೊ ಕಳಿಸಿದೆ. ಐದು ನಿಮಿಷದಲ್ಲಿ ಉತ್ತರ ಬಂತು: "ಉಸಿರು ಕಟ್ಟಿದೆ, ಗಾಳಿ ಕೊಡಿ."

ಅಣಬೆ ಗಿಡವಲ್ಲ. ನಮ್ಮ ಹಾಗೆ ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಮುಚ್ಚಿದ ಕೋಣೆಯಲ್ಲಿ 60 ಚೀಲ ಉಸಿರಾಡಿದರೆ ಅದು ತುಂಬಿಕೊಳ್ಳುತ್ತದೆ. ಅಣಬೆಗೆ ತಾನಿನ್ನೂ ಹುಲ್ಲಿನೊಳಗೇ ಇದ್ದೇನೆ ಅನ್ನಿಸಿ, ಗಾಳಿ ಹುಡುಕಿಕೊಂಡು ದಂಟು ಚಾಚುತ್ತದೆ. ಹೊರಗಿನ ಗಾಳಿಯಲ್ಲಿ ಇದು ಹತ್ತು ಲಕ್ಷಕ್ಕೆ 420ರ ಆಸುಪಾಸು ಇರುತ್ತದೆ. ಚಿಪ್ಪು ಅಗಲವಾಗಿ ಬಿಚ್ಚಬೇಕಾದರೆ ಕೋಣೆಯಲ್ಲಿ 1,000ದ ಒಳಗೆ ಇರಬೇಕು. ಆಮೇಲೆ ಒಬ್ಬರ ಹತ್ತಿರ ಮಾಪಕ ಎರವಲು ತಂದು ನೋಡಿದಾಗ, ಬಾಗಿಲು ಮುಚ್ಚಿದ ನನ್ನ ಕೋಣೆ 2,800 ತೋರಿಸಿತು. ಈ ಮಾಪಕ ಕೊಳ್ಳುವವರಿಗೆ ಒಂದು ಮಾತು. ತೀರಾ ಅಗ್ಗದವು ಈ ಅನಿಲವನ್ನು ನೇರವಾಗಿ ಅಳೆಯುವುದಿಲ್ಲ, ಬೇರೆ ಅನಿಲ ನೋಡಿ ಅಂದಾಜು ಹೇಳುತ್ತವೆ. ಎನ್‌ಡಿಐಆರ್ ಅಂತ ಬರೆದಿರುವುದನ್ನೇ ನೋಡಿ. ಮಾಪಕ ಇಲ್ಲದಿದ್ದರೂ ನಡೆಯುತ್ತದೆ. ದಂಟು ಉದ್ದವಾದರೆ ಗಾಳಿ ಸಾಲದು ಅಂತ ಅಣಬೆಯೇ ಹೇಳುತ್ತದೆ.

ಮಾರನೇ ದಿನವೇ ಶಿವಮೊಗ್ಗಕ್ಕೆ ಹೋದೆ. ಅಂಗಡಿಯಲ್ಲಿ ಕೋಣೆಯ ಅಳತೆ ಹೇಳಿದೆ. "ಅಕ್ಕಾ, ಅಷ್ಟು ದೊಡ್ಡ ಕೋಣೆಗೆ 12 ಇಂಚಿಂದೇ ಬೇಕು, ಸಣ್ಣದು ಬಾತ್‌ರೂಮಿಗೆ" ಅಂದರು. ನನಗೂ ಸರಿ ಅನ್ನಿಸಿತು. ಉಸಿರು ಕಟ್ಟಿದೆ ಅಂದ ಮೇಲೆ ದೊಡ್ಡ ಫ್ಯಾನೇ ಒಳ್ಳೆಯದು ಅಲ್ವಾ? 2,650 ರೂಪಾಯಿ ಕೊಟ್ಟು ತಂದೆ. ಗೋಡೆ ಒಡೆಸಿ ಕೂರಿಸಿದೆವು. ಬಿಲ್ಲು ಮತ್ತು ವಾರಂಟಿ ಕಾರ್ಡನ್ನು ಮಾತ್ರ ಜೋಪಾನವಾಗಿ ಎತ್ತಿಟ್ಟೆ. ಅದನ್ನು ನೀವೂ ಮಾಡಿ, ತೇವದ ಕೋಣೆಯಲ್ಲಿ ಮೋಟಾರಿಗೆ ಯಾವಾಗ ಏನಾಗುತ್ತದೋ ಹೇಳಲು ಬರುವುದಿಲ್ಲ.

ಎರಡನೇ ಸಲದ ಚೀಲಗಳು ಮಾರ್ಚ್ ನಡುವಿಗೆ ಬೆಳ್ಳಗಾದವು. ಸೀಳು ಹಾಕಿ ಫ್ಯಾನ್ ಬಿಟ್ಟೆ. ಮೊಳಕೆ ದುಂಡಗೆ, ಗಿಡ್ಡಗೆ, ಬೇಕಾದ ಹಾಗೇ ಬಂದವು. ಎರಡನೇ ದಿನ ಮಧ್ಯಾಹ್ನ ನೋಡಿದರೆ ತುದಿ ಕಂದು ಬಣ್ಣಕ್ಕೆ ತಿರುಗಿತ್ತು. ಮೂರನೇ ದಿನಕ್ಕೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತಿದ್ದವು. ಹೊರಗೆ 34 ಡಿಗ್ರಿ ಬಿಸಿಲು. ಗಂಟೆಗೊಮ್ಮೆ ಸ್ಪ್ರೇಯರ್‌ನಲ್ಲಿ ನೀರು ಹೊಡೆದೆ, ಗೋಣಿಚೀಲ ಒದ್ದೆ ಮಾಡಿ ನೇತು ಹಾಕಿದೆ. ಅರ್ಧ ಗಂಟೆಯಲ್ಲಿ ಗೋಣಿ ಒಣಗುತ್ತಿತ್ತು. 1,600 ರೂಪಾಯಿಯ ಹ್ಯೂಮಿಡಿಫೈಯರ್ ತರಿಸಿದೆ, ಬೆಡ್‌ರೂಮಿನಲ್ಲಿ ಇಡುವಂಥದ್ದು. ಅದರ ಹೊಗೆಯಂಥ ಮಂಜು ನೋಡೋಕೆ ಚೆನ್ನಾಗಿತ್ತು. ಫ್ಯಾನ್ ಅದನ್ನು ನೇರ ಎಳೆದು ಹೊರಗೆ ಹಾಕಿತು. ನಾಲ್ಕು ದಿನಕ್ಕೆ ಕೋಣೆಯ ಎಲ್ಲದರ ಮೇಲೂ ಬಿಳಿ ಪುಡಿ ಕೂತಿತ್ತು. ಬೂಷ್ಟು ಅಂದುಕೊಂಡು ಹೆದರಿದೆ. ನಮ್ಮ ಬೋರ್‌ವೆಲ್ ನೀರು ಗಡಸು. ಆ ಯಂತ್ರ ನೀರನ್ನು ಕುದಿಸುವುದಿಲ್ಲ, ನಡುಗಿಸಿ ಸಣ್ಣ ಹನಿ ಮಾಡಿ ಹಾರಿಸುತ್ತದೆ. ನೀರಿನಲ್ಲಿರುವ ಸುಣ್ಣವೂ ಜೊತೆಗೇ ಹಾರುತ್ತದೆ. ಎರಡು ವಾರಕ್ಕೆ ಅದರ ಒಳಗಿನ ಬಿಲ್ಲೆಯ ಮೇಲೂ ಸುಣ್ಣ ಕಟ್ಟಿ ಯಂತ್ರ ನಿಂತೇಹೋಯಿತು.

ಆಶ್ಚರ್ಯ ಅಂದರೆ, ಗೋಡೆಯ ಮೇಲಿದ್ದ ತೇವ ಅಳೆಯುವ ಮಾಪಕ ಅಷ್ಟೂ ದಿನ ಶೇ. 70ರ ಮೇಲೇ ತೋರಿಸುತ್ತಿತ್ತು. ಅದನ್ನು ನಂಬಿದ್ದು ನನ್ನ ದೊಡ್ಡ ತಪ್ಪು.

ಆ ವಾರ ಊಟ ಸೇರಲಿಲ್ಲ. 120 ಕಿಲೋ ಹುಲ್ಲು, ಬೀಜದ ದುಡ್ಡು, ಎರಡು ತಿಂಗಳ ದುಡಿತ ಎಲ್ಲ ಗೊಬ್ಬರದ ಗುಂಡಿಗೆ ಹೋಗಿತ್ತು. ನಮ್ಮವರು ಒಂದು ಮಾತೂ ಆಡಲಿಲ್ಲ. ಅವರೇ ಗಾಡಿಯಲ್ಲಿ ಹಾಕಿ ತೋಟಕ್ಕೆ ಸುರಿದು ಬಂದರು. ಅದು ನನಗೆ ಇನ್ನೂ ಸಂಕಟವಾಯಿತು.

ದಾರಿ ತೋರಿಸಿದವನು ಅಕ್ಕನ ಮಗ. ಹೋಟೆಲು, ಆಸ್ಪತ್ರೆಗಳಿಗೆ ಎಸಿ ಕೂರಿಸುವ ಕೆಲಸ ಅವನದು. ಯುಗಾದಿಗೆ ಬಂದವನು ಕೋಣೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಚಿಕ್ಕಮ್ಮ, ಈ ಫ್ಯಾನ್ ಗಂಟೆಗೆ ಎಷ್ಟು ಲೀಟರ್ ನೀರು ಹೊರಗೆ ಹಾಕ್ತಿದೆ?"

ಫ್ಯಾನ್ ನೀರು ಹಾಕುವುದು ಅಂದರೆ ಏನು ಅಂತ ನನಗೆ ಅರ್ಥವಾಗಲಿಲ್ಲ. ಅವನು ಹೋಳಿಗೆ ತಿಂದು ಮುಗಿಸಿ, ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ತೋರಿಸಿದ. ಆ ಹಾಳೆ ಇವತ್ತಿಗೂ ಕೋಣೆಯ ಬಾಗಿಲಿಗೆ ಅಂಟಿಸಿದ್ದೇನೆ. ಅದರಲ್ಲಿರುವುದು ಇಷ್ಟು.

ನನ್ನ ಕೋಣೆಯಲ್ಲಿ ಹಿಡಿಸುವ ಗಾಳಿ 1,080 ಘನ ಅಡಿ, ಅಂದರೆ ಸುಮಾರು 30 ಘನ ಮೀಟರ್. ಅಣಬೆ ಏಳುವಾಗ ಗಂಟೆಗೆ 4ರಿಂದ 6 ಸಲ ಕೋಣೆಯ ಗಾಳಿ ಬದಲಾದರೆ ಸಾಕು. 6 ಸಲ ಅಂದರೆ ಗಂಟೆಗೆ 180 ಘನ ಮೀಟರ್. ಫ್ಯಾನಿನ ಡಬ್ಬದ ಮೇಲೆ ಕೆಲವರು ಇದನ್ನೇ ನಿಮಿಷಕ್ಕೆ ಇಷ್ಟು ಘನ ಅಡಿ ಅಂತ ಬರೆಯುತ್ತಾರೆ, ಸಿಎಫ್‌ಎಂ ಅನ್ನುವುದು ಅದನ್ನೇ. ನನಗೆ ಬೇಕಿದ್ದದ್ದು ಹೆಚ್ಚೆಂದರೆ 110 ಸಿಎಫ್‌ಎಂ. ನಾನು ತಂದ 12 ಇಂಚಿನ ಫ್ಯಾನಿನ ಡಬ್ಬದ ಮೇಲೆ ಗಂಟೆಗೆ 1,500 ಘನ ಮೀಟರ್ ಅಂತ ಇತ್ತು. ಗಂಟೆಗೆ 50 ಸಲ ಕೋಣೆ ಖಾಲಿಯಾಗುತ್ತಿತ್ತು!

ಇನ್ನು ನೀರಿನ ಲೆಕ್ಕ. ಗಾಳಿ ಬಿಸಿಯಾದಷ್ಟೂ ಜಾಸ್ತಿ ನೀರಾವಿ ಹಿಡಿಯುತ್ತದೆ. 26 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ಹೆಚ್ಚೆಂದರೆ 24 ಗ್ರಾಂ. 34 ಡಿಗ್ರಿಯಲ್ಲಿ 37 ಗ್ರಾಂ ದಾಟುತ್ತದೆ. ಮಾರ್ಚಿನ ಮಧ್ಯಾಹ್ನ ಹೊರಗೆ 34 ಡಿಗ್ರಿ, ತೇವ ಶೇ. 30. ಅಂದರೆ ಆ ಗಾಳಿಯಲ್ಲಿ ನಿಜವಾಗಿ ಇರುವುದು 11 ಗ್ರಾಂ ನೀರು. ಅಣಬೆಗೆ ಬೇಕಾದದ್ದು 26 ಡಿಗ್ರಿಯಲ್ಲಿ ಶೇ. 85, ಅಂದರೆ 20 ಗ್ರಾಂ ಚಿಲ್ಲರೆ. ಒಳಗೆ ಬರುವ ಒಂದೊಂದು ಘನ ಮೀಟರ್ ಗಾಳಿಗೂ ನಾನು 9 ಗ್ರಾಂಗಿಂತ ಜಾಸ್ತಿ ನೀರು ಸೇರಿಸಬೇಕು. ದೊಡ್ಡ ಫ್ಯಾನ್ ಓಡಿದರೆ ಗಂಟೆಗೆ ಸುಮಾರು 14 ಲೀಟರ್. ನಾನು ತಂದ ಹ್ಯೂಮಿಡಿಫೈಯರ್ ಕೊಡುವುದು ಗಂಟೆಗೆ 300 ಮಿಲಿಲೀಟರ್. ಉಳಿದ ನೀರನ್ನು ಗಾಳಿ ಎಲ್ಲಿಂದ ತೆಗೆದುಕೊಳ್ಳಬೇಕು? ನನ್ನ ಮೊಳಕೆಗಳಿಂದ ತೆಗೆದುಕೊಂಡಿತು.

180 ಘನ ಮೀಟರಿಗೆ ಇಳಿಸಿದರೆ ಅದೇ ಲೆಕ್ಕ ಗಂಟೆಗೆ 1.7 ಲೀಟರಿಗೆ ಬರುತ್ತದೆ. ಇದು ನಿಭಾಯಿಸಬಹುದಾದ ನೀರು.

ಫ್ಯಾನ್ ಬೇರೆ, ತೇವ ಬೇರೆ ಅಂದುಕೊಂಡು ಅಂಗಡಿಗೆ ಹೋಗಬೇಡಿ ಅಂತ ನಾನು ಈಗ ಎಲ್ಲರಿಗೂ ಹೇಳುವುದು ಇದಕ್ಕೇ. ನಿಮ್ಮ ಊರಿನ ಬೇಸಿಗೆ ಮಧ್ಯಾಹ್ನದ ಬಿಸಿ ಮತ್ತು ತೇವ ಎಷ್ಟು ನೋಡಿ, ಗಂಟೆಗೆ ಎಷ್ಟು ಲೀಟರ್ ನೀರು ಕೊಡಲು ಸಾಧ್ಯ ಅಂತ ಮೊದಲು ತೀರ್ಮಾನ ಮಾಡಿ. ಅದಕ್ಕೆ ಹೊಂದುವ ಫ್ಯಾನ್ ಆಮೇಲೆ ಕೊಳ್ಳಿ.

ಹೋಗುವ ಮುಂಚೆ ಅವನು ಮಾಪಕವನ್ನೂ ಪರೀಕ್ಷಿಸಲು ಕಲಿಸಿದ. ಇದಕ್ಕೆ ಏನೂ ಖರ್ಚಿಲ್ಲ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನಂತೆ ಆಗುವಷ್ಟು ಮಾತ್ರ ನೀರು ಬೆರೆಸಿ. ನೀರು ಮೇಲೆ ನಿಲ್ಲಬಾರದು. ಅದನ್ನೂ ಮಾಪಕವನ್ನೂ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. ಒದ್ದೆ ಉಪ್ಪಿನ ಪಕ್ಕದ ಗಾಳಿ ಅಲ್ಲಿಗೇ ಬಂದು ನಿಲ್ಲುತ್ತದೆ. ನನ್ನದು 83 ತೋರಿಸಿತು. ಅಂದರೆ ಅದು 85 ಅಂದಾಗ ಕೋಣೆಯಲ್ಲಿ ಇದ್ದದ್ದು 77ರ ಹತ್ತಿರ. ಈಗ ಎರಡು ಮಾಪಕ ಇಟ್ಟಿದ್ದೇನೆ. ಎಷ್ಟು ವ್ಯತ್ಯಾಸ ಅಂತ ಎರಡರ ಬೆನ್ನಿಗೂ ಚೀಟಿ ಅಂಟಿಸಿದ್ದೇನೆ. ಎರಡು ತಿಂಗಳಿಗೊಮ್ಮೆ ಮತ್ತೆ ಉಪ್ಪಿನ ಪರೀಕ್ಷೆ.

ಏಪ್ರಿಲ್ ಮೊದಲ ವಾರ ಮತ್ತೆ ಅದೇ ಅಂಗಡಿ. ಗೋಡೆಗೆ ಕೂರಿಸಿದ ಫ್ಯಾನ್ ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ. ವಾದ ಮಾಡಲು ಮನಸ್ಸಾಗದೆ ವಾಪಸ್ ತಂದೆ. ಈಗ ಅದು ಹುಲ್ಲು ಆರಿಸುವ ಶೆಡ್ಡಿನಲ್ಲಿ ಉಪಯೋಗಕ್ಕೆ ಬರುತ್ತಿದೆ. 6 ಇಂಚಿನದು 1,480 ರೂಪಾಯಿಗೆ ಸಿಕ್ಕಿತು, ಗಂಟೆಗೆ 250 ಘನ ಮೀಟರ್. 180 ಸಾಕು ಅಂದಮೇಲೆ 250 ಯಾಕೆ ಅಂತ ಕೇಳಬಹುದು. ಡಬ್ಬದ ಮೇಲಿನ ಅಂಕಿ, ಫ್ಯಾನಿನ ಮುಂದೆ ಏನೂ ಅಡ್ಡ ಇಲ್ಲದಾಗಿನದು. ನಾವು ನೊಣ ಬರದ ಹಾಗೆ ಸಣ್ಣ ಕಣ್ಣಿನ ಬಲೆ ಹಾಕುತ್ತೇವೆ, ಹೊರಗಡೆ ಮುಚ್ಚಳ ಇರುತ್ತದೆ. ಇವೆಲ್ಲ ಗಾಳಿಯನ್ನು ತಡೆಯುತ್ತವೆ. ಗೋಡೆಗೆ ಹಾಕುವ ಸಾಮಾನ್ಯ ರೆಕ್ಕೆ ಫ್ಯಾನ್ ಅಂಥ ತಡೆ ಎದುರಾದರೆ ಬೇಗ ಸೋಲುತ್ತದೆ. ಉದ್ದದ ಪೈಪಿನ ಮೂಲಕ ಅಥವಾ ದಪ್ಪ ಫಿಲ್ಟರಿನ ಮೂಲಕ ಗಾಳಿ ಎಳೆಯಬೇಕು ಅನ್ನುವವರು ಪೈಪಿನೊಳಗೇ ಕೂರುವ ಇನ್‌ಲೈನ್ ಫ್ಯಾನ್ ತೆಗೆದುಕೊಳ್ಳಬೇಕು. ಅದಕ್ಕೆ ದುಡ್ಡು ಎರಡು ಮೂರು ಪಟ್ಟು. ನನ್ನದು ಗೋಡೆಯಿಂದ ನೇರ ಹೊರಗೆ, ಬಲೆ ಮಾತ್ರ ಅಡ್ಡ, ಹಾಗಾಗಿ ಸಾಮಾನ್ಯದ್ದೇ ನಡೆಯಿತು.

ಫ್ಯಾನ್ ನೋಡುವಾಗ ಮೋಟಾರು ಪೂರ್ತಿ ಮುಚ್ಚಿದೆಯಾ, ಬಾಲ್ ಬೇರಿಂಗ್ ಇದೆಯಾ ಅಂತ ಕೇಳಿ. ತೆರೆದ ಮೋಟಾರಿನೊಳಗೆ ತೇವ ಹೋಗಿ ತುಕ್ಕು ಹಿಡಿಯುತ್ತದೆ. ನಿಂತಾಗ ತಾನಾಗಿ ಮುಚ್ಚಿಕೊಳ್ಳುವ ರೆಕ್ಕೆ ಬಾಗಿಲು ಹೊರಗಡೆ ಇದ್ದರೆ ಹಲ್ಲಿ, ನೊಣ, ಮಳೆ ಇರಚಲು ಮೂರಕ್ಕೂ ತಡೆ.

ಗಾಳಿ ಹೊರಹೋಗುವ ತೂತಿನಷ್ಟೇ ಒಳಬರುವ ದಾರಿಯೂ ಮುಖ್ಯ. ಮೊದಲು ನಾನು ಫ್ಯಾನನ್ನು ಕಿಟಕಿಯ ಪಕ್ಕದಲ್ಲೇ ಕೂರಿಸಿದ್ದೆ. ಕಿಟಕಿಯಿಂದ ಬಂದ ಗಾಳಿ ಹಾಗೇ ಫ್ಯಾನಿನಿಂದ ಹೊರಗೆ. ಮೂಲೆಯ ಚೀಲಗಳಿಗೆ ಏನೂ ಸಿಗುತ್ತಿರಲಿಲ್ಲ. ಇದನ್ನು ಕಂಡುಹಿಡಿದದ್ದು ಅತ್ತೆಯ ಊದುಬತ್ತಿಯಿಂದ. ಊದುಬತ್ತಿ ಹಚ್ಚಿ ಕೋಣೆಯ ನಾಲ್ಕು ಮೂಲೆಯಲ್ಲೂ ಹಿಡಿಯಿರಿ. ಹೊಗೆ ನೆಟ್ಟಗೆ ಮೇಲೇರಿದರೆ ಅಲ್ಲಿ ಗಾಳಿ ಆಡುತ್ತಿಲ್ಲ. ತುಂಬಾ ಬೇಗ ಚದುರಿಹೋದರೆ ಅಲ್ಲಿ ಮೊಳಕೆ ಒಣಗುತ್ತದೆ. ಮೆಲ್ಲಗೆ ಒಂದು ಕಡೆಗೆ ವಾಲಬೇಕು. ಫ್ಯಾನನ್ನು ಎದುರು ಗೋಡೆಯ ಓರೆಮೂಲೆಗೆ ಬದಲಾಯಿಸಿದೆವು. ಕಿಟಕಿಯ ಕಡೆ ದಾರಿಯನ್ನು ಫ್ಯಾನಿನ ಬಾಯಿಗಿಂತ ಎಷ್ಟೋ ಪಟ್ಟು ಅಗಲ ಮಾಡಿದೆವು. ಬಲೆ ಹಾಕಿದ ಮೇಲೆ ದಾರಿ ಕಿರಿದಾಗುತ್ತದಲ್ಲ, ಅದಕ್ಕೆ.

ಆ ಕಿಟಕಿಯೇ ನಮ್ಮ ಹ್ಯೂಮಿಡಿಫೈಯರ್ ಆಯಿತು. ಏರ್ ಕೂಲರಿಗೆ ಹಾಕುವ ಜೇನುಗೂಡಿನಂಥ ಪ್ಯಾಡ್ ತಂದು ಕಿಟಕಿಗೆ ಕೂರಿಸಿದೆವು. ಕೆಳಗೆ ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಕೂಲರಿನ ಪುಟ್ಟ ಪಂಪು. ನೀರು ಪ್ಯಾಡಿನ ಮೇಲಿಂದ ಇಳಿಯುತ್ತದೆ, ಫ್ಯಾನ್ ಎಳೆಯುವ ಗಾಳಿ ಅದನ್ನು ಹಾದೇ ಒಳಗೆ ಬರಬೇಕು. ಗಾಳಿಗೆ ತೇವವೂ ಸೇರುತ್ತದೆ, ತಂಪೂ ಆಗುತ್ತದೆ. ಏಪ್ರಿಲ್ ಮಧ್ಯಾಹ್ನ ಹೊರಗೆ 34 ಇದ್ದಾಗ ಪ್ಯಾಡಿನ ಈಚೆ 26 ಬಂತು. ಬೇಸಿಗೆ ಒಣಗಿದಷ್ಟೂ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಗಡಸು ನೀರಾದರೂ ತೊಂದರೆ ಕಡಿಮೆ. ಸುಣ್ಣ ಪ್ಯಾಡಿನ ಮೇಲೆ ಉಳಿಯುತ್ತದೆ, ಅಣಬೆ ಮೇಲೆ ಬರುವುದಿಲ್ಲ. ವಾರಕ್ಕೊಮ್ಮೆ ಟಬ್ಬಿನ ನೀರು ಪೂರ್ತಿ ಚೆಲ್ಲಿ ಹೊಸದು ತುಂಬಬೇಕು. ಪ್ಯಾಡ್, ಟಬ್ಬು, ಪಂಪು ಎಲ್ಲ ಸೇರಿ 2,800 ರೂಪಾಯಿ. ಪ್ಯಾಡ್ ಒಂದರಿಂದಲೇ 85 ಮುಟ್ಟಲಿಲ್ಲ. ನೆಲಕ್ಕೆ ಎರಡು ಇಂಚು ಮರಳು ಹಾಸಿ ದಿನಕ್ಕೆ ಎರಡು ಸಲ ನೆನೆಸಿದೆ. ಆಗ ಮುಟ್ಟಿತು.

ಫ್ಯಾನಿಗೆ ಟೈಮರ್ ಹಾಕಿಸಿದೆ. 10 ನಿಮಿಷ ಓಡುವುದು, 10 ನಿಮಿಷ ನಿಲ್ಲುವುದು. ದಿನಕ್ಕೊಮ್ಮೆ ಆನ್ ಆಗುವ ಟೈಮರ್ ಅಲ್ಲ, ಪದೇಪದೇ ಸುತ್ತುವ ಸೈಕ್ಲಿಕ್ ಟೈಮರ್ ಅಂತ ಕೇಳಿ. ನನಗೆ 950 ಬಿತ್ತು. ತೇವ ನೋಡಿ ಪಂಪನ್ನು ಆನ್-ಆಫ್ ಮಾಡುವ ಕಂಟ್ರೋಲರಿಗೆ 1,900. ಅದರ ಸೆನ್ಸರನ್ನು ಪ್ಯಾಡಿನ ಹತ್ತಿರ ಕಟ್ಟಬೇಡಿ, ಫ್ಯಾನಿನ ಹತ್ತಿರವೂ ಬೇಡ. ಕೋಣೆಯ ನಡುವೆ, ಚೀಲಗಳ ಎತ್ತರಕ್ಕೆ.

ಕರೆಂಟ್ ವಿಚಾರ ಇಲ್ಲೇ ಹೇಳಬೇಕು. ಸ್ವಿಚ್ ಬೋರ್ಡ್ ಕೋಣೆಯ ಒಳಗೇ ಇತ್ತು. ಒಂದು ದಿನ ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದಾಗ ಮೊಣಕೈವರೆಗೂ ಜುಮ್ ಅಂದಿತು. ಎಲೆಕ್ಟ್ರಿಷಿಯನ್ ಬಂದು ನೋಡಿ, "ಅಕ್ಕಾ, ಇದು ಬಚ್ಚಲುಮನೆಗಿಂತ ಒದ್ದೆ ಇರೋ ಜಾಗ, ಇಲ್ಲಿ ಬೋರ್ಡೇ ಇರಬಾರದು" ಅಂದ. ಬೋರ್ಡನ್ನು ಹೊರಗೋಡೆಗೆ ಬದಲಾಯಿಸಿದ, ಅರ್ಥಿಂಗ್ ಸರಿ ಮಾಡಿದ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿದ. ಕರೆಂಟ್ ಎಲ್ಲಾದರೂ ಸೋರಿದರೆ ಅದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಲೈನ್ ಕಡಿಯುತ್ತದೆ. 3,400 ರೂಪಾಯಿ ಆಯಿತು. ಎಲ್ಲಿ ಬೇಕಾದರೂ ಉಳಿಸಿ, ಇದರಲ್ಲಿ ಉಳಿಸಬೇಡಿ.

ಏಪ್ರಿಲ್ 27ಕ್ಕೆ ಮೊದಲ ಸರಿಯಾದ ಗೊಂಚಲು ಕೊಯ್ದೆ. ಅಂಗೈ ಅಗಲದ ಬೂದು ಚಿಪ್ಪು, ಗಿಡ್ಡ ದಂಟು. ಅತ್ತೆ ಅದನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಮುಂದೆ ಇಟ್ಟರು. ಅವತ್ತು ರಾತ್ರಿ ಅವರೇ ಮೆಣಸಿನಕಾಳು ಹಾಕಿ ಪಲ್ಯ ಮಾಡಿದರು.

ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡೆ. ಜೂನ್ ಬಂತು.

ಮಳೆ ಹಿಡಿದ ಮೇಲೆ ಹೊರಗೇ ಶೇ. 95 ತೇವ. ಒಳಗೆ ಮಾಪಕ 98, 99 ತೋರಿಸಲು ಶುರುವಾಯಿತು. ಪಂಪು ತಾನಾಗಿ ನಿಂತಿತ್ತು, ಮರಳಿಗೆ ನೀರು ಹಾಕುವುದನ್ನೂ ಬಿಟ್ಟಿದ್ದೆ. ಆದರೂ ಚಿಪ್ಪಿನ ಮೇಲೆ ನೀರು ಮಿನುಗುತ್ತಿತ್ತು. ಒಂದು ವಾರದಲ್ಲಿ ಹಳದಿ ಕಲೆ, ಆಮೇಲೆ ಕಂದು, ಆಮೇಲೆ ಲೋಳೆ. ಕೆಟ್ಟ ವಾಸನೆ ಬೇರೆ. ಇದು ಬ್ಯಾಕ್ಟೀರಿಯಾದಿಂದ ಬರುವ ಕಲೆ ರೋಗ. ಚಿಪ್ಪಿನ ಮೇಲೆ ನೀರು ಆರದೆ ಗಂಟೆಗಟ್ಟಲೆ ನಿಂತರೆ ಅದಕ್ಕೆ ಹಬ್ಬ. ತೇವ ಬೇಕು ಅಂತ ಬೇಸಿಗೆಯಿಡೀ ಒದ್ದಾಡಿದವಳಿಗೆ, ತೇವ ಜಾಸ್ತಿಯಾದರೂ ಅಣಬೆ ಸಾಯುತ್ತದೆ ಅನ್ನೋದು ಆಗ ತಿಳಿಯಿತು. ಅಣಬೆಯಿಂದ ಸ್ವಲ್ಪ ನೀರು ಆವಿಯಾಗುತ್ತಲೇ ಇರಬೇಕು. ಗಾಳಿ ತುಂಬಿ ತುಳುಕುತ್ತಿದ್ದರೆ ಆವಿಯಾಗಲು ಜಾಗವೇ ಇರುವುದಿಲ್ಲ.

ಫ್ಯಾನ್ ಬಿಡುವಿಲ್ಲದೆ ಓಡಿಸಿದೆ. ಪ್ರಯೋಜನವಾಗಲಿಲ್ಲ, ಯಾಕಂದರೆ ಒಳಗೆ ಬರುತ್ತಿದ್ದದ್ದೂ ಒದ್ದೆ ಗಾಳಿಯೇ. ಅಕ್ಕನ ಮಗನಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ನೀರು ತೆಗೆಯೋಕೆ ಹೋಗ್ಬೇಡ, ಎರಡು ಡಿಗ್ರಿ ಬಿಸಿ ಮಾಡು" ಅಂದ. ಬಾಗಿಲಿಗೆ ಅಂಟಿಸಿದ ಹಾಳೆಯನ್ನೇ ನೋಡಿದೆ. 24 ಡಿಗ್ರಿಯ ಶೇ. 95 ಗಾಳಿಯನ್ನು 26ಕ್ಕೆ ಏರಿಸಿದರೆ, ಒಂದು ಹನಿ ನೀರು ತೆಗೆಯದೆಯೂ ಅದು ಶೇ. 85ಕ್ಕೆ ಇಳಿಯುತ್ತದೆ. ಕೋಳಿಮರಿ ಗೂಡಿಗೆ ಹಾಕುತ್ತಾರಲ್ಲ, 100 ವ್ಯಾಟಿನ ಹಳದಿ ಬಲ್ಬು, ಅಂಥವು ಎರಡನ್ನು ಪ್ಯಾಡ್ ಕಳಚಿದ ಕಿಟಕಿಯ ಪಕ್ಕ, ಒಳಬರುವ ಗಾಳಿಗೆ ಎದುರಾಗಿ ಹಾಕಿಸಿದೆ. ಬಲ್ಬಿಗೆ ಜಾಲರಿ ಗೂಡು ಕಡ್ಡಾಯ. ನೀರು ಹನಿ ಬಿದ್ದರೆ ಒಡೆಯುತ್ತದೆ, ಹುಲ್ಲು ತಾಗಿದರೆ ಹೊತ್ತಿಕೊಳ್ಳುತ್ತದೆ. ಜೊತೆಗೆ ಒಂದು ಪುಟ್ಟ ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಇಟ್ಟೆ. ನೇರ ಚೀಲಕ್ಕೆ ಬೀಸಬಾರದು, ಗೋಡೆಗೆ ಬಡಿದು ಗಾಳಿ ಸುಮ್ನೆ ಕದಲಬೇಕು ಅಷ್ಟೆ. ಮೂರು ದಿನಕ್ಕೆ ಮಾಪಕ 88ಕ್ಕೆ ಬಂತು. ಹೊಸ ಮೊಳಕೆಗಳಲ್ಲಿ ಕಲೆ ಕಾಣಲಿಲ್ಲ. ಹಳೆಯ ಕಲೆಯ ಗೊಂಚಲುಗಳನ್ನೆಲ್ಲ ಕಿತ್ತು ದೂರ ಹೂತೆ.

ನಮ್ಮ ಹಿತ್ತಿಲ ಹುತ್ತದ ಮೇಲೆ ಅದೇ ದಿನಗಳಲ್ಲಿ ಕಾಡಿನ ಅಣಬೆ ಎದ್ದಿದ್ದವು. ಗೆದ್ದಲು ಆ ಅಣಬೆಯ ಬೂಷ್ಟನ್ನು ಹುತ್ತದೊಳಗೆ ತಾನೇ ಸಾಕುತ್ತದೆ. ಒಳಗಿನ ತೇವ ಆರದ ಹಾಗೆ, ಕೆಟ್ಟ ಗಾಳಿ ಹೊರಗೆ ಹೋಗುವ ಹಾಗೆ ಹುತ್ತ ಕಟ್ಟುತ್ತದೆ. ಚಿಕ್ಕಂದಿನಿಂದ ನೋಡಿದ ಹುತ್ತವನ್ನು ಈ ವರ್ಷ ನಿಂತು ನೋಡಿದೆ.

ಕೆಮ್ಮಿನ ವಿಷಯ ಬಿಡುವಂತಿಲ್ಲ. ಜುಲೈಯಲ್ಲಿ ನನಗೆ ಒಣಕೆಮ್ಮು ಹಿಡಿಯಿತು. ಬೆಳಿಗ್ಗೆ ಕೊಯ್ಲು ಮುಗಿಸಿ ಬಂದರೆ ಸಂಜೆಗೆ ಮೈ ಬಿಸಿ. ಚಿಪ್ಪಣಬೆ ಬಲಿತರೆ ಬಿಳಿ ಪುಡಿಯಂಥ ಬೀಜಕಣ ಉದುರಿಸುತ್ತದೆ. ಅದನ್ನು ದಿನಾ ಉಸಿರಾಡಿದರೆ ಶ್ವಾಸಕೋಶಕ್ಕೆ ಅಲರ್ಜಿ ಆಗುತ್ತದೆ ಅಂತ ಡಾಕ್ಟರ್ ಹೇಳಿದರು. ಅಂದಿನಿಂದ ಎನ್‌95 ಮಾಸ್ಕ್ ಇಲ್ಲದೆ ಒಳಗೆ ಹೋಗುವುದಿಲ್ಲ. ಹೋಗುವ 15 ನಿಮಿಷ ಮೊದಲೇ ಫ್ಯಾನ್ ಬಿಡುತ್ತೇನೆ. ಚಿಪ್ಪಿನ ಅಂಚು ಮೇಲಕ್ಕೆ ಮಡಚುವ ಮುಂಚೆಯೇ ಕೊಯ್ಯುತ್ತೇನೆ, ಆಗ ಪುಡಿಯೂ ಕಡಿಮೆ, ರುಚಿಯೂ ಜಾಸ್ತಿ. ಅದೇ ಪುಡಿ ಫ್ಯಾನಿನ ಬಲೆಗೂ ಮೆತ್ತಿಕೊಳ್ಳುತ್ತದೆ. ಒಂದು ಸಲ ದಂಟುಗಳು ಮತ್ತೆ ಉದ್ದವಾದವು. ಫ್ಯಾನ್ ಓಡುತ್ತಿತ್ತು, ಟೈಮರ್ ಸರಿಯಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ನೋಡಿದರೆ ಬಲೆಯ ಕಣ್ಣುಗಳೆಲ್ಲ ಮುಚ್ಚಿಹೋಗಿದ್ದವು. ಈಗ ಪ್ರತಿ ಭಾನುವಾರ ಬಲೆ ಬಿಚ್ಚಿ ತೊಳೆಯುತ್ತೇವೆ. ಫ್ಯಾನಿನ ಬಾಯಿ ಅಡುಗೆಮನೆ ಕಿಟಕಿಯ ಕಡೆಗೆ, ಮಲಗುವ ಕೋಣೆಯ ಕಡೆಗೆ ಇರದಂತೆ ಮೊದಲೇ ನೋಡಿಕೊಳ್ಳಿ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಮನೆಗೆ ಅಂಟಿಕೊಂಡ ಕೋಣೆಯಲ್ಲಿ ಇದನ್ನು ಮಾಡಬೇಡಿ ಅಂತಲೇ ನಾನು ಹೇಳುವುದು.

ಖರ್ಚಿನ ಚೀಟಿ ಎದುರಿಗಿದೆ. ಎರಡು ಫ್ಯಾನ್, ಟೈಮರ್, ಕಂಟ್ರೋಲರ್, ಮಾಪಕ, ಪ್ಯಾಡ್, ಬಲೆ, ವೈರಿಂಗ್, ಕೆಟ್ಟ ಹ್ಯೂಮಿಡಿಫೈಯರ್ ಸೇರಿ 16,080 ರೂಪಾಯಿ. ಅದರಲ್ಲಿ ದೊಡ್ಡ ಫ್ಯಾನ್ ಮತ್ತು ಹ್ಯೂಮಿಡಿಫೈಯರಿನ 4,250 ಹೋಗಬೇಕಿರಲಿಲ್ಲ. ಬಲ್ಬುಗಳ ಕರೆಂಟ್ ಮಳೆಗಾಲದಲ್ಲಿ ಮಾತ್ರ ಸ್ವಲ್ಪ ಭಾರ, ಫ್ಯಾನಿನದು ಲೆಕ್ಕಕ್ಕೇ ಬರುವುದಿಲ್ಲ. ಅಣಬೆ ಕೊಳ್ಳುವ ಅಂಗಡಿಯವರು ಆಹಾರ ನೋಂದಣಿ ಸಂಖ್ಯೆ ಕೇಳಿದರು. ಆಧಾರ್ ಮತ್ತು ಫೋಟೊ ಕೊಟ್ಟು ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಸಣ್ಣ ನೋಂದಣಿ ಮಾಡಿಸಿದೆ, ಆಗ ವರ್ಷಕ್ಕೆ 100 ರೂಪಾಯಿ ಶುಲ್ಕ ಇತ್ತು.

ಇವತ್ತು ಬೆಳಿಗ್ಗೆ 7 ಕಿಲೋ ಕೊಯ್ದೆ. ಮಳೆ ಬಿಡುವು ಕೊಟ್ಟಿದೆ. ಮಾಪಕ 86ರಲ್ಲಿದೆ, ಒಂದು ಬಲ್ಬು ಆರಿಸಿದ್ದೇನೆ. ಪ್ಯಾಡನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಇಟ್ಟಿದ್ದೇವೆ, ನವೆಂಬರಿನ ಒಣಗಾಳಿ ಶುರುವಾಗುವ ಮೊದಲು ಕಿಟಕಿಗೆ ಕೂರಿಸಬೇಕು.